ದನಿ ನಮ್ಮವರದೇ, ಕರೆ ಮಾಡಿದವರು ಯಾರೋ: ಎಐ ವಂಚನೆಯಿಂದ ಮನೆ, ಕಚೇರಿ ಕಾಯ್ದುಕೊಳ್ಳುವ ಹಂತಗಳು

"ಈ ಆಡಿಯೊ, ಈ ವಿಡಿಯೊ ಅಸಲಿಯೋ ನಕಲಿಯೋ, ಪತ್ತೆ ಹಚ್ಚುವುದು ಹೇಗೆ?" ಎಐ ವಂಚನೆಯ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬಂದು ನಿಲ್ಲುತ್ತವೆ. ಚಿಕ್ಕ ಉತ್ತರ: ಪತ್ತೆ ಹಚ್ಚಲು ಹೋಗಬೇಡಿ. ಕಣ್ಣು ಮಿಟುಕಿಸುತ್ತಾರೆಯೇ ನೋಡಿ, ಕೈಬೆರಳು ಎಣಿಸಿ ಎಂಬಂಥ ಸಲಹೆಗಳು ಸ್ವಲ್ಪ ಕಾಲ ಕೆಲಸಕ್ಕೆ ಬಂದವು. ಸಾಫ್ಟ್‌ವೇರ್ ಸುಧಾರಿಸಿದ ಹಾಗೆ ಅವು ಹಳತಾಗುತ್ತಿವೆ. ನಕಲು ಎಷ್ಟೇ ಚೊಕ್ಕವಾಗಿದ್ದರೂ ದುಡ್ಡು ಕೈಬಿಟ್ಟು ಹೋಗದಂತೆ ಮೊದಲೇ ಕಟ್ಟುನಿಟ್ಟು ಮಾಡಿಕೊಳ್ಳಲು ಮಾತ್ರ ಸಾಧ್ಯವಿದೆ, ಅದಕ್ಕೆ ಹೆಚ್ಚೇನೂ ಖರ್ಚಾಗುವುದಿಲ್ಲ. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ ಇವೆ.

ಮೊದಲು, ಬದಲಾದದ್ದು ಏನು

ಒಬ್ಬರ ದನಿಯ ತುಣುಕು ಕೊಟ್ಟರೆ ಅದೇ ದನಿಯಲ್ಲಿ ಬೇಕಾದ ಮಾತು ಆಡಿಸುವುದಕ್ಕೆ ವಾಯ್ಸ್ ಕ್ಲೋನಿಂಗ್ ಎನ್ನುತ್ತಾರೆ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ಇದಕ್ಕೆ 3 ಸೆಕೆಂಡಿನ ಮಾದರಿ ಸಾಕೆಂದು ತೋರಿಸಿದರು. ಮುಖವನ್ನೂ ಸೇರಿಸಿ ಹೀಗೆ ಸೃಷ್ಟಿಸಿದ ವಿಡಿಯೊ ಡೀಪ್‌ಫೇಕ್. ಇವೆರಡಕ್ಕಿಂತ ಸದ್ದಿಲ್ಲದೆ ಆದ ಬದಲಾವಣೆ ಬರವಣಿಗೆಯದ್ದು. ವಂಚಕರ ಮೇಲ್‌ಗಳನ್ನು ತಪ್ಪು ಕಾಗುಣಿತದಿಂದ, ವಿಚಿತ್ರ ವಾಕ್ಯಗಳಿಂದ ಗುರುತಿಸುತ್ತಿದ್ದೆವಲ್ಲ, ಆ ಸುಳಿವು ಈಗ ಇಲ್ಲ. ಯಾವ ಭಾಷೆಯಲ್ಲಿ ಬೇಕಾದರೂ, ನಿಮ್ಮ ಮೇಲಧಿಕಾರಿಯ ಶೈಲಿಯಲ್ಲೇ ಪತ್ರ ಸಿದ್ಧವಾಗುತ್ತದೆ.

2024ರಲ್ಲಿ ಬೆಳಕಿಗೆ ಬಂದ ಹಾಂಗ್‌ಕಾಂಗ್ ಪ್ರಕರಣವನ್ನು ತುಸು ಗಮನಿಸಿ ನೋಡಬೇಕು. ಬ್ರಿಟನ್ ಮೂಲದ ಎಂಜಿನಿಯರಿಂಗ್ ಕಂಪನಿ ಅರೂಪ್‌ನ ಅಲ್ಲಿನ ಸಿಬ್ಬಂದಿಯೊಬ್ಬರಿಗೆ ಹಣಕಾಸು ಮುಖ್ಯಸ್ಥರ ಹೆಸರಿನಲ್ಲಿ ಗುಟ್ಟಿನ ವ್ಯವಹಾರವೊಂದರ ಸಂದೇಶ ಬಂತು. ಅವರು ಅನುಮಾನಪಟ್ಟರು. ಆಮೇಲೆ ವಿಡಿಯೊ ಕಾಲ್‌ನಲ್ಲಿ ಮುಖ್ಯಸ್ಥರ ಜತೆ ಪರಿಚಿತ ಸಹೋದ್ಯೋಗಿಗಳೂ ಕಾಣಿಸಿಕೊಂಡರು, ಅನುಮಾನ ಕರಗಿತು. ಆ ಕಾಲ್‌ನಲ್ಲಿದ್ದ ಉಳಿದವರೆಲ್ಲ ನಕಲಿ. 15 ವರ್ಗಾವಣೆಗಳಲ್ಲಿ, 5 ಖಾತೆಗಳಿಗೆ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಹೋಯಿತು. ಪ್ರಧಾನ ಕಚೇರಿಯನ್ನು ವಿಚಾರಿಸಿದ ಮೇಲಷ್ಟೇ ಮೋಸ ಬಯಲಾಯಿತು. ಅವರ ಮೊದಲ ಅನುಮಾನ ಸರಿಯಾಗಿಯೇ ಇತ್ತು. ಎಡವಿದ್ದು ಎಲ್ಲಿ ಎಂದರೆ, ಅನುಮಾನ ಪರಿಹರಿಸಿಕೊಂಡದ್ದು ದುಡ್ಡು ಕೇಳಿದವರೇ ಏರ್ಪಡಿಸಿದ್ದ ಕಾಲ್‌ನಲ್ಲಿ.

ಏನೇನು ಬೇಕು

ಮನೆಯವರಿಗೆ: ಎಲ್ಲರೂ ಎದುರುಬದುರು ಕೂರುವ ಒಂದು ಗಂಟೆ, ಒಂದು ಹಾಳೆ, ಮುಖ್ಯ ನಂಬರುಗಳ ಪಟ್ಟಿ. ಕಚೇರಿಗೆ: ಹಣ ಪಾವತಿಗೆ ಯಾರ್ಯಾರಿಗೆ ಅಧಿಕಾರವಿದೆ ಎಂಬ ಪಟ್ಟಿ, ಸರಬರಾಜುದಾರರ ಮೂಲ ಕರಾರು ಪತ್ರಗಳು, ಕಂಪನಿಯ ಡೊಮೇನ್ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ನೋಡಿಕೊಳ್ಳುವವರು, ಮತ್ತು ಮುಖ್ಯಸ್ಥರ ಸಹಿ. ಈ ಕೊನೆಯದು ಯಾಕೆಂದು 5ನೇ ಹಂತದಲ್ಲಿ ಹೇಳುತ್ತೇವೆ.

ಹಂತ 1: ಕರೆ ಕಟ್ ಮಾಡಿ, ನೀವಾಗಿ ಕರೆ ಮಾಡಿ

ಒಂದೇ ಒಂದು ಹಂತ ಪಾಲಿಸುವುದಾದರೆ ಇದನ್ನು ಪಾಲಿಸಿ. ದುಡ್ಡು, ಒಟಿಪಿ, ಪಾಸ್‌ವರ್ಡ್, ಗುರುತಿನ ದಾಖಲೆ, ಇವುಗಳಲ್ಲಿ ಯಾವುದನ್ನು ಕೇಳಿದರೂ ಮಾತು ಅಲ್ಲಿಗೇ ನಿಲ್ಲಿಸಿ. ಕರೆ ಕಟ್ ಮಾಡಿ. ಆ ವ್ಯಕ್ತಿಯ ನಂಬರಿಗೆ ನೀವಾಗಿ ಕರೆ ಮಾಡಿ.

ಯಾವ ನಂಬರಿಗೆ ಎಂಬುದರಲ್ಲೇ ಎಲ್ಲ ಇದೆ. ನಿಮ್ಮ ಫೋನಿನಲ್ಲಿ ಮೊದಲಿನಿಂದ ಉಳಿಸಿಕೊಂಡದ್ದು, ಬ್ಯಾಂಕ್ ಕಾರ್ಡಿನ ಹಿಂಬದಿ ಅಚ್ಚಾದದ್ದು, ಹಳೆಯ ಕರಾರಿನಲ್ಲಿ ಇರುವುದು, ಇವು ಸರಿ. ಈಗಷ್ಟೇ ಬಂದ ಸಂದೇಶದಲ್ಲಿರುವ ನಂಬರು ಬೇಡ. ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಕಾಣುವ ಕಸ್ಟಮರ್ ಕೇರ್ ನಂಬರೂ ಬೇಡ, ಅಲ್ಲಿ ವಂಚಕರು ಜಾಹೀರಾತು ಕೊಟ್ಟು ತಮ್ಮ ನಂಬರು ತೂರಿಸುತ್ತಾರೆ. ಎಐ ಚಾಟ್‌ಬಾಟ್ ಹೇಳಿದ ನಂಬರನ್ನೂ ಹಾಗೇ ನಂಬಬೇಡಿ.

ಸಾಮಾನ್ಯವಾಗಿ ಎಡವುವ ಜಾಗಗಳು:

- ಪರದೆಯ ಮೇಲೆ ಅಮ್ಮನ ಹೆಸರೇ ಬಂತು ಎಂದು ನಂಬುವುದು. ಕರೆ ಮಾಡುವ ನಂಬರನ್ನು ಬೇರೆಯದಾಗಿ ತೋರಿಸುವ ಕುತಂತ್ರಕ್ಕೆ ಸ್ಪೂಫಿಂಗ್ ಎನ್ನುತ್ತಾರೆ, ಅದೇನೂ ಹೊಸದಲ್ಲ. ಒಳಬರುವ ಕರೆಯ ನಂಬರನ್ನು ಹೀಗೆ ಸುಳ್ಳಾಗಿ ತೋರಿಸಬಹುದು. ನೀವು ತಿರುಗಿ ಕರೆ ಮಾಡಿದಾಗ ಅದು ಸಾಮಾನ್ಯವಾಗಿ ಅಸಲಿ ಫೋನಿಗೇ ಹೋಗುತ್ತದೆ.
- ವಾಟ್ಸ್ಆ್ಯಪ್‌ನಲ್ಲಿ ಬಂದ ಕೋರಿಕೆಯನ್ನು ವಾಟ್ಸ್ಆ್ಯಪ್‌ನಲ್ಲೇ ಖಚಿತಪಡಿಸಿಕೊಳ್ಳುವುದು. ಖಾತೆಯೇ ಕಳವಾಗಿದ್ದರೆ ಉತ್ತರ ಕೊಡುವವನೂ ಕಳ್ಳನೇ. ದಾರಿ ಬದಲಿಸಿ: ಸಂದೇಶಕ್ಕೆ ಸಾದಾ ಕರೆ, ಮೇಲ್‌ಗೆ ಫೋನ್.
- "ಫೋನ್ ಒಡೆದಿದೆ, ಇದು ಗೆಳೆಯನ ನಂಬರು" ಎಂಬ ಮಾತಿಗೆ ಕರಗುವುದು. ನೀವು ತಿರುಗಿ ಕರೆ ಮಾಡದಿರಲೆಂದೇ ಕಟ್ಟಿದ ಕಥೆ ಇದು. ಆದರೂ ಹಳೆಯ ನಂಬರಿಗೆ ಮಾಡಿ. ಎತ್ತದಿದ್ದರೆ ಅವರ ಜತೆಗಿರುವ ಇನ್ನೊಬ್ಬರಿಗೆ ಮಾಡಿ. ಇದಕ್ಕಾಗಿಯೇ ಪ್ರತಿಯೊಬ್ಬರಿಗೂ ಒಬ್ಬ "ಎರಡನೆಯವರ" ನಂಬರನ್ನು ಹಾಳೆಯಲ್ಲಿ ಬರೆದಿಡಿ.

ಎದುರಿನವರು ಬೇಗ ಮಾಡು, ಯಾರಿಗೂ ಹೇಳಬೇಡ, ಲೈನ್ ಕಟ್ ಮಾಡಬೇಡ ಎನ್ನುತ್ತಾರೆ. ಗಡಿಬಿಡಿ, ಗುಟ್ಟು, ಹಿಡಿದಿಟ್ಟುಕೊಳ್ಳುವುದು: ಈ ಮೂರೂ ಕೂಡಿ ಬಂದರೆ ದನಿ ಯಾರದೇ ಆಗಿರಲಿ, ಕಟ್ ಮಾಡಲು ಅಷ್ಟೇ ಕಾರಣ ಸಾಕು.

ಹಂತ 2: ಮನೆಗೊಂದು ಗುಟ್ಟಿನ ಮಾತು

ನಿಜವಾಗಿ ಆಪತ್ತಿನಲ್ಲಿರುವವರು ಅಪರಿಚಿತ ನಂಬರಿನಿಂದಲೇ ಕರೆ ಮಾಡಬೇಕಾಗಿ ಬರಬಹುದು. ಅದಕ್ಕೆ ಮನೆಯವರಿಗಷ್ಟೇ ಗೊತ್ತಿರುವ ಒಂದು ಮಾತು ಇರಲಿ. 2024ರ ಡಿಸೆಂಬರ್‌ನ ಎಚ್ಚರಿಕೆಯಲ್ಲಿ ಅಮೆರಿಕದ ಎಫ್‌ಬಿಐ ಕೂಡ ಇದೇ ಸಲಹೆ ಕೊಟ್ಟಿದೆ.

1. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದ ಆರಿಸಿ. ಸಾಕುನಾಯಿಯ ಹೆಸರು, ಊರು, ಶಾಲೆ, ಹುಟ್ಟಿದ ದಿನ ಬೇಡ. ಇವೆಲ್ಲ ನಿಮ್ಮ ಸೋಷಿಯಲ್ ಮೀಡಿಯಾ ಖಾತೆಯಲ್ಲೇ ಸಿಗುತ್ತವೆ.
2. ಎದುರಿಗೆ ಕೂತು ಹೇಳಿ. ಫ್ಯಾಮಿಲಿ ಗ್ರೂಪಿನಲ್ಲಿ ಟೈಪ್ ಮಾಡಿದರೆ ಮುಗಿಯಿತು, ಒಬ್ಬರ ಫೋನ್ ಕಳವಾದರೆ ಎಲ್ಲರ ಗುಟ್ಟೂ ಹೋದಂತೆ.
3. ಕರೆ ಸ್ವೀಕರಿಸಿದವರು ಕೇಳಬೇಕು, ಕರೆ ಮಾಡಿದವರು ಹೇಳಬೇಕು. "ಅದೇ, ಹೂವಿನ ಹೆಸರು ಅಲ್ವಾ?" ಎಂದು ಸುಳಿವು ಬಿಡಬೇಡಿ.
4. ಒಮ್ಮೆ ಬಳಸಿದ ಮೇಲೆ ಬದಲಿಸಿ.

ಗಾಬರಿಯಲ್ಲಿರುವ ಮಗನಿಗೆ ಆ ಮಾತು ನೆನಪಾಗದೇ ಹೋಗಬಹುದು, ವಯಸ್ಸಾದವರು ಮರೆಯಬಹುದು. ಆಗ ಸುಳ್ಳೆಂದು ತೀರ್ಮಾನಿಸಬೇಡಿ, ನಿಜವೆಂದೂ ಒಪ್ಪಬೇಡಿ. 1ನೇ ಹಂತಕ್ಕೆ ಹೋಗಿ. ಎಲ್ಲಿಯೂ ದಾಖಲಾಗದ, ಇತ್ತೀಚೆಗೆ ಇಬ್ಬರ ನಡುವೆ ನಡೆದ ಮಾತಿನ ಬಗ್ಗೆ ಪ್ರಶ್ನೆ ಕೇಳುವುದೂ ಒಳ್ಳೆಯ ದಾರಿ. 2024ರಲ್ಲಿ ಫೆರಾರಿ ಕಂಪನಿಯ ಸಿಇಒ ದನಿಯಲ್ಲಿ ಬಂದ ಕರೆಗೆ ಅಲ್ಲಿನ ಅಧಿಕಾರಿಯೊಬ್ಬರು, ಕೆಲವು ದಿನಗಳ ಹಿಂದೆ ನೀವು ನನಗೆ ಓದಲು ಹೇಳಿದ ಪುಸ್ತಕ ಯಾವುದು ಎಂದು ಕೇಳಿದರು. ಕರೆ ತಟ್ಟನೆ ಕಟ್ಟಾಯಿತು.

ಹಂತ 3: ಖಾತೆಗಳಿಗೆ ಬೀಗ, ಮೇಲ್‌ನಿಂದ ಶುರು

ಬ್ಯಾಂಕಿಗಿಂತ ಮೊದಲು ಇಮೇಲ್ ಭದ್ರ ಮಾಡಿ. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ.

ಸಾಧ್ಯವಿದ್ದಲ್ಲೆಲ್ಲ ಪಾಸ್‌ಕೀ ಹಾಕಿ. ಪಾಸ್‌ವರ್ಡ್ ಬದಲು ನಿಮ್ಮ ಫೋನ್ ಅಥವಾ ಕಂಪ್ಯೂಟರಿನಲ್ಲಿ ಕೂರುವ ಡಿಜಿಟಲ್ ಕೀಲಿ ಅದು. ಬೆರಳಚ್ಚು ಅಥವಾ ಪಿನ್‌ನಿಂದ ತೆರೆಯುತ್ತದೆ. ಒಟಿಪಿಗಿಂತ ಇದು ಯಾಕೆ ಮೇಲು? ನಕಲಿ ಪುಟದಲ್ಲಿ ನೀವು ಒಟಿಪಿ ಹಾಕಿದರೆ ವಂಚಕರು ಅದನ್ನು ಆ ಕ್ಷಣವೇ ಅಸಲಿ ಪುಟದಲ್ಲಿ ಹಾಕುತ್ತಾರೆ. ಪಾಸ್‌ಕೀ ಮಾತ್ರ ಅದು ತಯಾರಾದ ಜಾಲತಾಣದ ವಿಳಾಸಕ್ಕೇ ಅಂಟಿಕೊಂಡಿರುತ್ತದೆ. ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ಕೆಲಸ ಮಾಡುವುದಿಲ್ಲ. ನೀವು ಮೋಸಹೋದರೂ ಅದು ಹೋಗುವುದಿಲ್ಲ.

ಎಡವುವುದು ಇಲ್ಲಿ: ಪಾಸ್‌ಕೀ ಹಾಕಿ, ಹಳೆಯ ಎಸ್‌ಎಂಎಸ್ ದಾರಿಯನ್ನು ತೆರೆದೇ ಬಿಡುವುದು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ಮರೆತ ಹಾಗೆ. ಸೆಟ್ಟಿಂಗ್‌ನಲ್ಲಿ ರಿಕವರಿ (ಖಾತೆ ಮರಳಿ ಪಡೆಯುವ) ವಿಧಾನಗಳ ಪಟ್ಟಿ ನೋಡಿ, ಬೇಡದ್ದು ತೆಗೆಯಿರಿ. ಆದರೆ ಎರಡನೇ ಸಾಧನದಲ್ಲೂ ಒಂದು ಪಾಸ್‌ಕೀ ಮಾಡಿಡಿ, ರಿಕವರಿ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ. ಇಲ್ಲದಿದ್ದರೆ ಫೋನ್ ಕಳೆದ ದಿನ ನೀವೇ ಹೊರಗುಳಿಯುತ್ತೀರಿ.

ವಾಟ್ಸ್ಆ್ಯಪ್‌ನಲ್ಲಿ ಟು-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, 6 ಅಂಕಿಯ ಪಿನ್ ಇಡಿ. ನಿಮ್ಮ ಬ್ಯಾಂಕ್ "ದನಿಯೇ ಪಾಸ್‌ವರ್ಡ್" ಸೌಲಭ್ಯ ಕೊಟ್ಟಿದ್ದರೆ ಅದನ್ನು ರದ್ದುಪಡಿಸಿ. ಕ್ಲೋನಿಂಗ್ ಇಷ್ಟು ಸುಲಭವಾದ ಮೇಲೆ ಅದನ್ನು ನೆಚ್ಚಿಕೊಳ್ಳುವುದರಲ್ಲಿ ಅರ್ಥವಿಲ್ಲ. ಫೋನಿನಲ್ಲಿ ಯಾರೇ ಹೇಳಿದರೂ ಸ್ಕ್ರೀನ್ ಶೇರ್ ಮಾಡುವ ಆ್ಯಪ್ ಹಾಕಿಕೊಳ್ಳಬೇಡಿ.

ಹಂತ 4: ಹೊರಗೆ ಕಾಣುವುದನ್ನು ಕಡಿಮೆ ಮಾಡಿ

ಇದರಿಂದ ಆಗುವ ಲಾಭ ಸೀಮಿತ ಎಂದು ಮೊದಲೇ ಹೇಳಿಬಿಡುತ್ತೇವೆ. ನಿಮ್ಮ ದನಿ, ಮುಖ ಈಗಾಗಲೇ ಎಲ್ಲೋ ಇದ್ದೇ ಇರುತ್ತವೆ, ಅಪರಿಚಿತ ಕರೆಗೆ "ಹಲೋ" ಎನ್ನಲೂ ಹೆದರಬೇಕಿಲ್ಲ. ವಂಚಕರಿಗೆ ದನಿಗಿಂತ ಬೆಲೆಬಾಳುವುದು ಸಂದರ್ಭ: ಯಾರು ಯಾರಿಗೆ ಏನಾಗಬೇಕು, ಯಾರು ಈಗ ಊರಿನಲ್ಲಿಲ್ಲ. ಸ್ನೇಹಿತರ ಪಟ್ಟಿ ಹೊರಗಿನವರಿಗೆ ಕಾಣದಂತೆ ಮಾಡಿ, ಪ್ರವಾಸದ ಚಿತ್ರಗಳನ್ನು ಮರಳಿದ ಮೇಲೆ ಹಾಕಿ. ಕಂಪನಿಯಾದರೆ ಹಣಕಾಸು ವಿಭಾಗದವರ ಹೆಸರು, ನೇರ ನಂಬರು ಜಾಲತಾಣದಲ್ಲಿ ಬೇಡ.

ಇದೇ ಜಾಗದಲ್ಲಿ ಹೂಡಿಕೆಯ ಡೀಪ್‌ಫೇಕ್ ಜಾಹೀರಾತಿನ ಮಾತು. ಪ್ರಸಿದ್ಧ ಉದ್ಯಮಿ ಅಥವಾ ಮಂತ್ರಿ ಯಾವುದೋ ಆ್ಯಪ್ ಹೊಗಳುವ ವಿಡಿಯೊ ಕಂಡರೆ ವಿಡಿಯೊ ನೋಡುತ್ತ ಕೂರಬೇಡಿ. ಆ ಸಂಸ್ಥೆ ನಿಮ್ಮ ದೇಶದ ಹೂಡಿಕೆ ನಿಯಂತ್ರಕರ ನೋಂದಣಿ ಪಟ್ಟಿಯಲ್ಲಿದೆಯೇ ನೋಡಿ. ಹೆಸರು ಹೊಂದಿದರಷ್ಟೇ ಸಾಲದು, ಪಟ್ಟಿಯಲ್ಲಿರುವ ವಿಳಾಸದ ಮೂಲಕವೇ ಸಂಪರ್ಕಿಸಿ. ಮೊದಲ ಸಲ ಸಣ್ಣ ಮೊತ್ತ ಹಿಂದಕ್ಕೆ ಬಂತೆಂದು ನೆಮ್ಮದಿಪಡಬೇಡಿ, ದೊಡ್ಡ ಮೊತ್ತಕ್ಕಾಗಿ ಹಾಕುವ ಗಾಳ ಅದು.

ಹಂತ 5: ಕಂಪನಿಯ ಪಾವತಿ ನಿಯಮ

ನಷ್ಟ ದೊಡ್ಡದಾಗುವುದು ಇಲ್ಲಿ, ಹಾಗಾಗಿ ನಿಯಮಗಳನ್ನು ಬರವಣಿಗೆಯಲ್ಲೇ ಇಡಿ.

*ಇಬ್ಬರ ಅನುಮತಿ.* ಒಂದು ಮಿತಿ ಮೀರಿದ ಪಾವತಿಯನ್ನು ಒಬ್ಬರು ದಾಖಲಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಎರಡನೆಯವರು ಮೊದಲನೆಯವರ ಮಾತು ನಂಬಿ ಬಟನ್ ಒತ್ತುವುದಾದರೆ ಈ ನಿಯಮ ಬರೀ ಹೆಸರಿಗೆ. ಅವರು ಬೇರೆಯಾಗಿ, ತಮ್ಮದೇ ದಾರಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಅನುಮೋದನೆಯ ಟೋಕನ್ (ಪಾವತಿಗೆ ಒಪ್ಪಿಗೆ ಕೊಡಲು ಬಳಸುವ ಸಣ್ಣ ಸಾಧನ) ಎರಡೂ ಒಬ್ಬರ ಡ್ರಾಯರಿನಲ್ಲಿದ್ದರಂತೂ ನಿಯಮವೇ ಇಲ್ಲ ಎಂದುಕೊಳ್ಳಿ.

*ಮಿತಿಯನ್ನು ಒಟ್ಟು ಮೊತ್ತಕ್ಕೆ ಹಾಕಿ.* ಒಂದೊಂದು ಪಾವತಿಗೆ ಮಾತ್ರ ಮಿತಿ ಇದ್ದರೆ ದೊಡ್ಡ ಮೊತ್ತ ಚೂರುಚೂರಾಗಿ ಹೊರಹೋಗಬಹುದು. ಒಂದು ದಿನದಲ್ಲಿ ಹೊಸ ಖಾತೆಗಳಿಗೆ ಹೋದ ಒಟ್ಟು ಹಣ ಲೆಕ್ಕಕ್ಕೆ ಬರಬೇಕು.

*ಬ್ಯಾಂಕ್ ಖಾತೆ ಬದಲಾವಣೆ.* "ನಮ್ಮ ಖಾತೆ ಬದಲಾಗಿದೆ, ಮುಂದಿನ ಬಿಲ್ ಇಲ್ಲಿಗೆ ಕಟ್ಟಿ" ಎಂಬ ಪತ್ರ ಬಂದರೆ ಮೂಲ ಕರಾರಿನಲ್ಲಿರುವ ನಂಬರಿಗೆ ಕರೆ ಮಾಡಿ. ಪತ್ರದ ಕೆಳಗೆ ಅಚ್ಚಾದ ನಂಬರಿಗೆ ಅಲ್ಲ. ಖಚಿತವಾದ ಮೇಲೂ ಹೊಸ ಖಾತೆಗೆ ಮೊದಲ ಪಾವತಿಯನ್ನು 24 ಗಂಟೆ ತಡೆಹಿಡಿಯಿರಿ. ಸಣ್ಣ ಮೊತ್ತ ಕಳಿಸಿ ಪರೀಕ್ಷಿಸುವ ರೂಢಿ ಇದೆ. ಹಣ ಮುಟ್ಟಿತು ಎಂದು ಮೇಲ್‌ನಲ್ಲಿ ಉತ್ತರಿಸುವವನು ವಂಚಕನೇ ಆಗಿದ್ದರೆ ಆ ಪರೀಕ್ಷೆಯಿಂದ ಏನೂ ಸಾಬೀತಾಗದು. ಮುಟ್ಟಿದ ಮೊತ್ತ ಎಷ್ಟೆಂದು ಹಳೆಯ ನಂಬರಿನಲ್ಲಿ ಕೇಳಿ.

*ಮುಖ್ಯಸ್ಥರಿಗೂ ವಿನಾಯಿತಿ ಇಲ್ಲ.* "ನನ್ನ ಹೆಸರಿನಲ್ಲಿ ಬಂದ ಪಾವತಿ ಕೋರಿಕೆಯನ್ನು ತಿರುಗಿ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಅದರಿಂದ ತಡವಾದರೆ ಯಾರ ಮೇಲೂ ಕ್ರಮವಿಲ್ಲ." ಈ ಎರಡು ವಾಕ್ಯ ಬರೆದು ಮುಖ್ಯಸ್ಥರಿಂದ ಸಹಿ ಹಾಕಿಸಿ ಎಲ್ಲರಿಗೂ ಕೊಡಿ. ವಂಚಕರು ನಂಬಿಕೊಳ್ಳುವುದು ಕೆಳಗಿನವರ ಭಯವನ್ನು. ದೊಡ್ಡವರನ್ನು ಪ್ರಶ್ನಿಸುವ ಮುಲಾಜು ಬಿಡಿಸದೆ ಯಾವ ಸಾಫ್ಟ್‌ವೇರ್ ಕೊಂಡರೂ ದಂಡ.

ಡೀಪ್‌ಫೇಕ್ ಪತ್ತೆ ಮಾಡುವ ಸಾಫ್ಟ್‌ವೇರ್ ಕೊಳ್ಳಬೇಕೇ ಎಂದು ಕೇಳುತ್ತೀರಿ. ಅವು ನಕಲಿಯನ್ನು ಅಸಲಿ ಎನ್ನುವುದೂ ಉಂಟು, ಅಸಲಿಯನ್ನು ನಕಲಿ ಎನ್ನುವುದೂ ಉಂಟು. ಮೇಲಿನ ನಾಲ್ಕು ನಿಯಮ ಜಾರಿಗೆ ಬಂದ ಮೇಲೆ ಹಣ ಉಳಿದಿದ್ದರೆ ಯೋಚಿಸಿ. ವಿಡಿಯೊ ಕಾಲ್‌ನಲ್ಲಿ ಎದುರಿನವರಿಗೆ ಪಕ್ಕಕ್ಕೆ ತಿರುಗಿ, ಮುಖದ ಮುಂದೆ ಕೈ ಆಡಿಸಿ ಎನ್ನುವುದರಿಂದ ಕೆಲವು ನಕಲಿಗಳು ಸಿಕ್ಕಿಬೀಳಬಹುದು. ಸಿಕ್ಕಿಬೀಳದಿದ್ದರೆ ಅಸಲಿ ಎಂದು ಅರ್ಥವಲ್ಲ.

ಹಂತ 6: ಮೇಲ್, ಹೆಲ್ಪ್‌ಡೆಸ್ಕ್, ನೇಮಕಾತಿ

ನಿಮ್ಮ ಕಂಪನಿಯ ಡೊಮೇನ್ ಹೆಸರಿನಲ್ಲಿ ಹೊರಗಿನವರು ಮೇಲ್ ಕಳಿಸದಂತೆ ಮೂರು ದಾಖಲೆ ಬೇಕು. ಎಸ್‌ಪಿಎಫ್: ಯಾವ ಸರ್ವರ್‌ಗಳು ನಿಮ್ಮ ಪರವಾಗಿ ಕಳಿಸಬಹುದು ಎಂಬ ಪಟ್ಟಿ. ಡಿಕೆಐಎಂ: ಮೇಲ್‌ನ ಮೇಲಿನ ಡಿಜಿಟಲ್ ಮುದ್ರೆ. ಡಿಮಾರ್ಕ್: ಇವೆರಡರಲ್ಲೂ ತೇರ್ಗಡೆಯಾಗದ ಮೇಲನ್ನು ಏನು ಮಾಡಬೇಕೆಂಬ ಸೂಚನೆ. ಡಿಮಾರ್ಕ್ ಅನ್ನು "ನನ್" (none, ಅಂದರೆ ಯಾವ ಕ್ರಮವೂ ಇಲ್ಲ) ಎಂಬ ಸ್ಥಿತಿಯಲ್ಲಿ ಆರಂಭಿಸಿ. ಆಗ ಏನನ್ನೂ ತಡೆಯುವುದಿಲ್ಲ, ವರದಿ ಮಾತ್ರ ಬರುತ್ತದೆ. ಕೆಲವು ವಾರ ವರದಿ ಓದಿ, ಸಂಬಳ ಪಟ್ಟಿ ಕಳಿಸುವ ಸೇವೆ, ಸುದ್ದಿಪತ್ರದ ಸೇವೆ ಇಂಥ ಮರೆತುಹೋದ ಅಸಲಿ ಮೂಲಗಳನ್ನು ಸೇರಿಸಿ, ಬಳಿಕ "ಕ್ವಾರಂಟೈನ್" (ಅನುಮಾನದ ಮೇಲ್ ಬದಿಗಿಡುವುದು), ಕೊನೆಗೆ "ರಿಜೆಕ್ಟ್" (ಪೂರ್ತಿ ತಿರಸ್ಕರಿಸುವುದು). ಅವಸರದಲ್ಲಿ ಮೊದಲ ದಿನವೇ "ರಿಜೆಕ್ಟ್" ಹಾಕಿದರೆ ನಿಮ್ಮದೇ ಮೇಲ್‌ಗಳು ಕಾಣೆಯಾಗುತ್ತವೆ. "ನನ್"ನಲ್ಲೇ ಬಿಟ್ಟರೆ ಹಾಕಿಯೂ ಹಾಕದಂತೆ. ಒಂದಕ್ಷರ ತಿದ್ದಿದ ಹೋಲಿಕೆಯ ಡೊಮೇನ್ ಆಗಲಿ, ಕಳವಾದ ಅಸಲಿ ಮೇಲ್‌ಬಾಕ್ಸ್ ಆಗಲಿ ಡಿಮಾರ್ಕ್‌ಗೆ ಸಿಗುವುದಿಲ್ಲ. ಅದಕ್ಕೆ 5ನೇ ಹಂತದ ಕರೆಯೇ ಗತಿ.

ಸಿಬ್ಬಂದಿಯ ಕಂಪ್ಯೂಟರ್, ಖಾತೆ ತೊಂದರೆ ನೋಡಿಕೊಳ್ಳುವ ಹೆಲ್ಪ್‌ಡೆಸ್ಕ್‌ಗೆ ಪಾಸ್‌ವರ್ಡ್ ಮರೆತೆ, ಫೋನ್ ಬದಲಾಯಿತು ಎಂದು ಕರೆ ಬಂದರೆ ದನಿ ಗುರುತು ಹಿಡಿದು ರೀಸೆಟ್ ಮಾಡುವಂತಿಲ್ಲ. ದಾಖಲೆಯಲ್ಲಿರುವ ನಂಬರಿಗೆ ತಿರುಗಿ ಕರೆ ಮಾಡಬೇಕು. ಆ ಫೋನೇ ಕಳೆದಿದ್ದರೆ ಅವರ ಮ್ಯಾನೇಜರ್ ಖಚಿತಪಡಿಸಬೇಕು. ಹುಟ್ಟಿದ ದಿನಾಂಕ, ಉದ್ಯೋಗಿ ಸಂಖ್ಯೆ ಇವು ಗುರುತಿನ ಪುರಾವೆಯಲ್ಲ.

ನೇಮಕಾತಿಯೂ ಈಗ ಒಂದು ದಾರಿ. ಭದ್ರತಾ ತರಬೇತಿ ಕೊಡುವ ಅಮೆರಿಕದ ಕಂಪನಿ ನೋಬಿಫೋರ್, ಕದ್ದ ಗುರುತು ಮತ್ತು ಎಐನಿಂದ ತಿದ್ದಿದ ಫೋಟೊ ಬಳಸಿದ ಉತ್ತರ ಕೊರಿಯಾದ ವ್ಯಕ್ತಿಯನ್ನು ಸಾಫ್ಟ್‌ವೇರ್ ಎಂಜಿನಿಯರ್ ಆಗಿ ನೇಮಿಸಿಕೊಂಡಿದ್ದೆವೆಂದು 2024ರ ಜುಲೈನಲ್ಲಿ ತಾನೇ ಪ್ರಕಟಿಸಿತು. ವಿಡಿಯೊ ಸಂದರ್ಶನಗಳೂ ನಡೆದಿದ್ದವು. ಕಳಿಸಿಕೊಟ್ಟ ಕಂಪ್ಯೂಟರಿನಲ್ಲಿ ಕುತಂತ್ರಾಂಶ ತುಂಬಲು ಶುರುವಾದಾಗ ಸಿಕ್ಕಿಬಿದ್ದದ್ದು. ಲ್ಯಾಪ್‌ಟಾಪನ್ನು ಅರ್ಜಿಯಲ್ಲಿಲ್ಲದ ವಿಳಾಸಕ್ಕೆ ಕಳಿಸಿ ಎಂದರೆ ತಡೆಯಿರಿ, ಗುರುತಿನ ಚೀಟಿ ಕೊಟ್ಟೇ ಪಡೆಯುವಂತೆ ಮಾಡಿ, ಹಳೆಯ ಉದ್ಯೋಗದಾತರ ನಂಬರನ್ನು ಅಭ್ಯರ್ಥಿಯಿಂದ ಪಡೆಯದೆ ನೀವೇ ಹುಡುಕಿ.

ಹಂತ 7: ಹಣ ಹೋಗಿಬಿಟ್ಟರೆ

ಇಲ್ಲಿ ಕ್ರಮ ಮುಖ್ಯ, ನಿಮಿಷಗಳೂ ಮುಖ್ಯ.

1. ಮೊದಲು ಬ್ಯಾಂಕ್. ಕಾರ್ಡಿನ ಹಿಂಬದಿಯ ನಂಬರಿಗೆ ಅಥವಾ ಅಧಿಕೃತ ಆ್ಯಪ್‌ನಿಂದ ತಿಳಿಸಿ. ಬರೀ ದೂರು ಎನ್ನಬೇಡಿ. "ಈ ವರ್ಗಾವಣೆ ವಂಚನೆ, ಹಿಂದಕ್ಕೆ ಕರೆಯಿರಿ, ಹಣ ಹೋದ ಖಾತೆಯ ಬ್ಯಾಂಕಿಗೆ ತಿಳಿಸಿ ತಡೆಹಿಡಿಸಿ" ಎಂದು ಸ್ಪಷ್ಟವಾಗಿ ಕೇಳಿ. ದೂರಿನ ಸಂಖ್ಯೆ ಬರೆದುಕೊಳ್ಳಿ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಬೇಗ ಬೇಗ ಸಾಗಿಸುತ್ತಾರೆ.
2. ಪೊಲೀಸ್ ಅಥವಾ ನಿಮ್ಮ ದೇಶದ ಸೈಬರ್ ಅಪರಾಧ ದೂರು ಕೇಂದ್ರ. ಹಣ ತಡೆಯಲು ಬ್ಯಾಂಕಿಗೆ ಈ ದೂರು ಬೇಕಾಗಬಹುದು.
3. ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ. ಮೇಲ್‌ನಲ್ಲಿ ನಿಮಗೆ ಗೊತ್ತಿಲ್ಲದ ಫಾರ್ವರ್ಡ್ ನಿಯಮ ಇದೆಯೇ ನೋಡಿ. ಪಾಸ್‌ವರ್ಡ್ ಬದಲಿಸಿದ ಮೇಲೂ ನಿಮ್ಮ ಪತ್ರಗಳು ಆ ದಾರಿಯಲ್ಲಿ ಹೊರಗೆ ಹೋಗುತ್ತಲೇ ಇರುತ್ತವೆ.
4. ಚಾಟ್ ಅಳಿಸಬೇಡಿ, ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ನಂಬರು, ಸಮಯ, ವರ್ಗಾವಣೆಯ ಉಲ್ಲೇಖ ಸಂಖ್ಯೆ, ಆಡಿಯೊ ಫೈಲ್ ಎಲ್ಲವೂ ಇರಲಿ. ನಾಚಿಕೆಯಿಂದ ಎಲ್ಲ ಅಳಿಸಿಬಿಟ್ಟರೆ ತನಿಖೆಗೆ ಹಿಡಿಯಲು ತುದಿಯೇ ಸಿಗದು.

ನಿಮ್ಮ ಮುಖ ಹಚ್ಚಿದ ನಗ್ನ ಚಿತ್ರ ತೋರಿಸಿ ಬೆದರಿಸುತ್ತಿದ್ದರೆ ಹಣ ಕೊಡಬೇಡಿ, ಒಮ್ಮೆ ಕೊಟ್ಟವರನ್ನು ಮತ್ತೆ ಮತ್ತೆ ಹಿಂಡುತ್ತಾರೆ. ವಯಸ್ಕರಿಗೆ ಸ್ಟಾಪ್ಎನ್‌ಸಿಐಐ, 18 ತುಂಬದವರಿಗೆ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಗಳಿವೆ. ಇವು ಚಿತ್ರದ ಡಿಜಿಟಲ್ ಬೆರಳಚ್ಚನ್ನು ನಿಮ್ಮ ಸಾಧನದಲ್ಲೇ ತಯಾರಿಸಿ ಅದನ್ನಷ್ಟೇ ಹಂಚುತ್ತವೆ, ಚಿತ್ರ ನಿಮ್ಮ ಕೈಬಿಟ್ಟು ಹೋಗುವುದಿಲ್ಲ. ಸೇರಿಕೊಂಡಿರುವ ಸೋಷಿಯಲ್ ಮೀಡಿಯಾ ಕಂಪನಿಗಳು ಆ ಗುರುತಿನಿಂದ ಚಿತ್ರವನ್ನು ಪತ್ತೆ ಮಾಡಿ ತೆಗೆಯುತ್ತವೆ.

ದೂರು ಕೊಟ್ಟ ಕೆಲವು ದಿನಗಳಲ್ಲಿ "ಹೋದ ಹಣ ವಾಪಸ್ ಕೊಡಿಸುತ್ತೇವೆ" ಎಂದು ಇನ್ನೊಂದು ಕರೆ ಬರಬಹುದು. ವಕೀಲರು, ಹ್ಯಾಕರ್, ಪೊಲೀಸ್ ಅಧಿಕಾರಿ, ಹೀಗೆ ಯಾರ ವೇಷದಲ್ಲಾದರೂ. ನಿಮ್ಮ ಪ್ರಕರಣದ ವಿವರವೂ ಅವರಿಗೆ ಗೊತ್ತಿರುತ್ತದೆ, ಏಕೆಂದರೆ ಮೋಸಹೋದವರ ಪಟ್ಟಿಗಳನ್ನು ವಂಚಕರು ತಮ್ಮೊಳಗೆ ಮಾರಿಕೊಳ್ಳುತ್ತಾರೆ. ಮುಂಗಡ ಶುಲ್ಕ ಕೇಳಿದ ಕೂಡಲೇ ಕಟ್ ಮಾಡಿ, ಆ ನಂಬರನ್ನೂ ಮೊದಲಿನ ದೂರಿಗೆ ಸೇರಿಸಿ.